ಆ ವರ್ಷದ ಎಲೆ

ಎಲೆಯೇ ಇಲ್ಲದ ನೀರನ್ನು ಚಹಾ ಎಂದು ಕರೆಯುವುದು ನಾಲಿಗೆ ಸಾಹುಕಾರರ ಪ್ರಕಾರ ಶುದ್ಧ ಮೋಸ. (ತೂಕದ ಮೋಸವನ್ನು ಗಿರಾಕಿ ಮರೆತಾನು, ರುಚಿಯ ಮೋಸವನ್ನು ಅವನ ಹೆಂಡತಿ ಮರೆಯಲು ಬಿಡುವುದಿಲ್ಲ.) ಅವರ ಚಹಾಪುಡಿ ಅಂಗಡಿಯ ಗಲ್ಲಾದ ಮೇಲೆ, ಅವರದೇ ದುಂಡನೆಯ ಅಕ್ಷರದಲ್ಲಿ, ಮೂವತ್ತು ವರ್ಷದಿಂದ ಒಂದು ಬೋರ್ಡು ತೂಗುತ್ತಿತ್ತು: ‘ಇಲ್ಲಿ ಎಲೆಗೆ ಮಾತ್ರ ಪ್ರವೇಶ.’

ಸಾಹುಕಾರರಿಗೆ ‘ನಾಲಿಗೆ’ ಎಂಬ ಈ ಬಿರುದು ಪುಕ್ಕಟೆ ಬಂದದ್ದಲ್ಲ. ಅಂಗಡಿ ತೆರೆದ ಮೊದಲ ವರ್ಷ, ಮರಗಳು ಎಲೆ ಉದುರಿಸುವ ಹೊತ್ತಿಗೆ, ಅವರು ಮಾರಿದ ಚಹಾದಲ್ಲಿ ಕಿತ್ತಳೆಯ ತೆಳುವಾದ ಉಸಿರೊಂದಿತ್ತು. ಬೀದಿಗೆ ಬೀದಿಯೇ ಮುಗಿಬಿತ್ತು. “ಹಣ್ಣಿನ ತೋಟಕ್ಕೆ ಅಂಟಿಕೊಂಡ ಇಳಿಜಾರಿನ ಎಲೆ. ನಾಲಿಗೆ ಇದ್ದವನಿಗೇ ಸಿಗೋದು” ಎಂದು ಅವರು ಹೇಳಿದರು, ಹೇಳುತ್ತ ಹೇಳುತ್ತ ತಾವೂ ನಂಬಿದರು. ಮರುವರ್ಷ ಆ ಎಲೆ ಬರಲಿಲ್ಲ. ಆಮೇಲೂ ಬರಲಿಲ್ಲ. ಚಹಾ ತೋಟದವರಿಗೆ ವರ್ಷಕ್ಕೊಂದು ಕಾಗದ ಬರೆದರು. ‘ನಾವು ಯಾವಾಗಲೂ ಕಳಿಸುವುದು ಅದೇ ಎಲೆ’ ಎಂದು ವರ್ಷಕ್ಕೊಂದು ಉತ್ತರ ಬಂತು. ಹಳೇ ಗಿರಾಕಿಯಾದ ಮೇಷ್ಟ್ರು ಪ್ರತಿ ಶರತ್ಕಾಲಕ್ಕೂ ಮೆಟ್ಟಿಲ ಮೇಲೆ ನಿಂತು, “ಆ ವರ್ಷದ ಎಲೆ ಬಂತಾ?” ಎಂದು ಕೇಳಿ ಗಾಯ ಕೆದಕಿ ಹೋಗುತ್ತಿದ್ದರು.

ಈ ಸಲ ಮಗಳು ಒಣಹಣ್ಣಿನ ಚಹಾದ ನಾಲ್ಕು ಪೊಟ್ಟಣ ಹಿಡಿದು ಬಂದಳು.

“ಅಪ್ಪಾ, ಎಲ್ಲರೂ ಇದನ್ನೇ ಕೇಳ್ತಾರೆ. ಕುಡಿದ್ರೆ ನಿದ್ದೆ ಕೆಡಲ್ಲ.”

“ನಿದ್ದೆ ಕೆಡಬಾರದು ಅಂದ್ರೆ ನೀರು ಕುಡೀಲಿ. ನಲ್ಲೀಲಿ ಬರುತ್ತೆ.”

ಒಗೆದ ಬಟ್ಟೆ ಮಡಿಸುತ್ತಿದ್ದ ಹೆಂಡತಿ ತಲೆ ಎತ್ತದೆ ಹೇಳಿದರು: “ರೀ, ಬೀದಿಯ ಮರಗಳೇ ಎಲೆ ಬಿಟ್ಬಿಟ್ವು. ನೀವೊಬ್ರೇ ಹಿಡ್ಕೊಂಡು ಕೂತಿದ್ದೀರಿ.”

ಸಾಹುಕಾರರಿಗೆ ರೋಷ ಬಂತು. “ಆಗಲಿ! ನಿಮ್ಮ ಯಾವುದಾದ್ರೂ ಲೋಟದಲ್ಲಿ ನಾನು ಎರಡನೇ ಗುಟುಕು ಕುಡಿದ್ರೆ ಆ ಬೋರ್ಡು ಇಳಿಸ್ತೀನಿ!”

ಭಾನುವಾರ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಮಹಾಪರೀಕ್ಷೆ. ಕಣ್ಣು ನಾಲಿಗೆಗೆ ಚಾಡಿ ಹೇಳುತ್ತದೆಂಬುದು ಅವರ ಸಿದ್ಧಾಂತವಾದ್ದರಿಂದ ಕಣ್ಣಿಗೆ ಟವೆಲ್ ಕಟ್ಟಿಸಿಕೊಂಡರು. ಮಗಳು ಪುಸ್ತಕ ತೆರೆದಳು. ಸಾಹುಕಾರರು ಚಮಚದಿಂದ ಸುರ್ರ್ ಎಂದು ಎಳೆದರು.

“ಒಂದು: ಜಾಮ್ ಬಾಟ್ಲಿ ತೊಳೆದ ನೀರು. ಬರ್ಕೋ.”

“ಎರಡು: ಕೆಮ್ಮಿನ ಔಷಧಿ. ಇಲ್ಲದ ಕೆಮ್ಮೂ ಬರುತ್ತೆ.”

“ಮೂರು: ಈ ನೀರಿಗೂ ಸೇಬಿಗೂ ಮುಖಪರಿಚಯ ಅಷ್ಟೆ, ಮಾತುಕತೆ ಇಲ್ಲ.”

“ನಾಲ್ಕು: ಬಡಗಿ ಗುಡಿಸಿ ಹಾಕಿದ್ದು.”

“ಐದು?” ಎಂದರು ಹೆಂಡತಿ.

“ಐದೆಲ್ಲಿಂದ ಬಂತು?”

“ಕುಡೀರಿ, ಸುಮ್ನೆ.”

ಕುಡಿದರು. ಚಮಚ ಕೈಯಲ್ಲೇ ನಿಂತಿತು. ಮೊದಲ ವರ್ಷ ಇಬ್ಬರೂ ವಾಸವಿದ್ದ, ಅಂಗಡಿಯ ಮೇಲಿನ ಆ ಒಂಟಿ ಕೋಣೆ ಕಣ್ಣೆದುರು ಬಂತು: ಹದಿನಾಲ್ಕು ಮೆಟ್ಟಿಲು, ಒಂಬತ್ತನೆಯದು ಕಿರುಗುಟ್ಟುವಂಥದು, ಒಂದೇ ಸ್ಟೂಲು, ಹಿಡಿ ಮುರಿದ ಒಂದು ಕಪ್ಪು, ಸಂಜೆ ಬಾಗಿಲು ಹಾಕಿ ಹತ್ತುವಾಗ ಆ ಒಂಬತ್ತನೇ ಮೆಟ್ಟಿಲಿಗೇ ಎದುರು ಬರುತ್ತಿದ್ದ ಘಮ. ಅದು ತಮ್ಮ ಅಂಗಿಗೆ ಅಂಟಿದ ಚಹಾದ ವಾಸನೆಯೆಂದೇ ಅವರು ತಿಳಿದಿದ್ದರು. ಲೋಟವನ್ನೇ ಎತ್ತಿ ಎರಡನೇ ಗುಟುಕು ಕುಡಿದರು. ಮೂರನೆಯದು. ತಳ ಕಂಡಿತು.

“ಸಿಕ್ತು ಕಣೇ!” ಟವೆಲ್ ಕಿತ್ತೆಸೆದರು. “ಆ ವರ್ಷದ ಎಲೆ! ಅದೇ ಇಳಿಜಾರು! ಎಲ್ಲಿ ಸಿಕ್ತು ನಿಂಗೆ?”

“ಇದ್ರಲ್ಲಿ ಎಲೆ ಇಲ್ಲ.”

“ನನ್ನ ನಾಲಿಗೆಗೆ ಹೇಳ್ತೀಯಾ?”

“ಕಿತ್ತಳೆ ಸಿಪ್ಪೆ, ಸೇಬಿನ ಸಿಪ್ಪೆ, ಒಂದು ಚೂರು ಚಕ್ಕೆ. ಮಾರೋ ಎಲೆ ಮುಟ್ಟಬಾರ್ದು ಅಂತಿದ್ರಲ್ಲ, ಅದಕ್ಕೆ ಆಗ ನಾನು ಇದನ್ನೇ ಕುದಿಸಿ ಕುಡೀತಿದ್ದೆ. ಸಿಪ್ಪೆ ಒಣಗಿಸೋಕೆ ಬಿಸಿಲು ಬೀಳ್ತಿದ್ದದ್ದು ಅಂಗಡಿ ಕಿಟಕಿ ಹತ್ರ ಮಾತ್ರ. ಅಲ್ಲಿದ್ದ ಚಹಾ ಪೆಟ್ಟಿಗೆಯ ಮುಚ್ಚಳ ಮುರಿದಿತ್ತು, ನೀವು ತೆಳು ಬಟ್ಟೆ ಹೊದಿಸಿದ್ರಿ. ಅದರ ಮೇಲೇ ಹರಡ್ತಿದ್ದೆ.”

ಪಕ್ಕದಲ್ಲಿ ಏನಿಟ್ಟರೂ ಚಹಾದೆಲೆ ಅದರ ವಾಸನೆ ಹೀರುತ್ತದೆಂಬುದು ಈ ವ್ಯಾಪಾರದ ಮೊದಲ ಪಾಠ. ಸಾಹುಕಾರರು ಖಾಲಿ ಲೋಟವನ್ನು ಮೂಗಿಗೆ ಹಿಡಿದು ನೋಡಿದರು.

“ಮತ್ತೆ ಮರುವರ್ಷ?”

“ಒಂದಿನ ಸಿಪ್ಪೆ ನಿಮ್ಮ ಕಣ್ಣಿಗೆ ಬಿತ್ತು. ಕೂಗಾಡಿ ಬೋರ್ಡು ಬರೆದು ನೇತುಹಾಕಿದ್ರಿ. ನಾನು ಸಿಪ್ಪೆ ತೆಗೆದೆ. ನಿಮ್ಮ ಎಲೆ ಬರೋದು ನಿಂತ್ಹೋಯ್ತು.”

“ಮೂವತ್ತು ವರ್ಷ ಹೇಳ್ಲೇ ಇಲ್ವಲ್ಲೇ!”

“ತೋಟದ ಕಥೆ ಹೇಳೋವಾಗ ನಿಮ್ಮ ಮುಖ ಎಷ್ಟು ಚೆನ್ನಾಗಿರ್ತಿತ್ತು ಅಂತೀರಿ! ಅದಕ್ಕೆ ಯಾಕೆ ಕಲ್ಲು ಹಾಕೋದು ಅಂತ.” ಅವರ ದನಿ ಒಂದು ಗಳಿಗೆ ಮೆತ್ತಗಾಯಿತು. ಆಮೇಲೆ, “ಮೂರು ಗುಟುಕು ಕುಡಿದ್ರಿ. ಬೋರ್ಡು?” ಎಂದರು.

ಮಗಳು ಆಗಲೇ ಏಣಿ ತಂದಿದ್ದಳು.

ವಾರ ಕಳೆದು ಮೇಷ್ಟ್ರು ಬಂದರು. ಗಲ್ಲಾದಲ್ಲಿ ಸಾಹುಕಾರರ ಬದಲು ಹೆಂಡತಿ ಕುಳಿತಿದ್ದರು. ಸಾಹುಕಾರರು ಪರದೆಯ ಹಿಂದೆ ಬುಟ್ಟಿ ಕಿತ್ತಳೆಯ ಮುಂದೆ ಕುಳಿತು ಸಿಪ್ಪೆ ಸುಲಿಯುತ್ತಿದ್ದರು.

“ಆ ವರ್ಷದ ಎಲೆ ಬಂತಾ, ತಾಯಿ?”

“ಬಂತು ಮೇಷ್ಟ್ರೇ! ಹಣ್ಣಿನ ತೋಟದ ಇಳಿಜಾರಿಂದ. ಬೆಳಗಿನ ಬಿಸಿಲು ಮಾತ್ರ ಬೀಳೋ ಜಾಗ. ನಾಲಿಗೆ ಇದ್ದವರಿಗೇ ಸಿಗೋದು.”

ಬೆಳಗಿನ ಬಿಸಿಲು! ಮೂವತ್ತು ವರ್ಷದಲ್ಲಿ ತಮಗೆ ಹೊಳೆಯದ ಮಾತು. ಸಾಹುಕಾರರು ಚಾಕು ನಿಲ್ಲಿಸಿ ಮೆಚ್ಚಿಕೊಂಡರು.

“ಯಜಮಾನರು ಕಾಣ್ತಾ ಇಲ್ಲ?”

“ತೋಟಕ್ಕೆ ಹೋಗಿದ್ದಾರೆ” ಎಂದ ಹೆಂಡತಿ, ಪರದೆಯ ಸಂದಿಯಲ್ಲಿ ಇಣುಕಿ ದನಿ ತಗ್ಗಿಸಿದರು: “ರೀ, ಸಿಪ್ಪೆ ದಪ್ಪ ಆಯ್ತು. ಇನ್ನೂ ತೆಳ್ಳಗೆ.”