ಲಾರಿಗೆ ಸಿಕ್ಕ ಕಪ್ಪೆ

ಧಾರಾಪುರದ ನೇಕಾರರ ಸಂಘದ ವಾಚನಾಲಯದಲ್ಲಿ ಒಂದು ಕಪ್ಪೆ ಲಾರಿಗೆ ಸಿಕ್ಕಿ ಸತ್ತಿತು. ಸತ್ತದ್ದು ಮಕ್ಕಳು ಆಡುತ್ತಿದ್ದ ಕಂಪ್ಯೂಟರ್ ಆಟದೊಳಗೆ, ನಿಜ. ಆದರೆ ಅದನ್ನು ಕಂಡವರು ಸಾಮಿಯಾತಾಳ್ ಅಜ್ಜಿ. “ಮಕ್ಕಳನ್ನ ಕಾಪಾಡಕ್ಕೆ ಒಂದು ಕಾನೂನು ಇಲ್ವಾ?” ಎಂದು ಅಜ್ಜಿ ಸಂಘದ ಅಧ್ಯಕ್ಷ ಶಣ್ಮುಗಂ ಮನೆಯ ಜಗಲಿಯಲ್ಲೇ ಕೂತುಬಿಟ್ಟರು.

ಶಣ್ಮುಗಂ ವಾಚನಾಲಯದ ಕಾರ್ಯದರ್ಶಿ ಗೋಪಾಲಸಾಮಿಯನ್ನು ಕರೆಸಿದರು. “ಭಾನುವಾರ ಚರ್ಚೆ ಇಡಪ್ಪಾ. ಕಾನೂನಿನ ಕಡೆ ಒಬ್ಬರು, ಆಟದ ಕಡೆ ಒಬ್ಬರು. ತಕ್ಕಡಿ ಒಂದು ಕಡೆ ವಾಲಿತೋ, ವಾಚನಾಲಯದ ಬೀಗದ ಕೈ ವಾಪಸ್ ಕೊಟ್ಬಿಡು.”

ಗೋಪಾಲಸಾಮಿ ಬೀಗದ ಕೈಯನ್ನು ಜೇಬಿನ ಆಳಕ್ಕೆ ತುರುಕಿದರು. ಮನೆಯಲ್ಲಿ ಎರಡು ಪವರ್‌ಲೂಮ್ ಹಗಲೆಲ್ಲ ಬಡಿಯುತ್ತಿದ್ದವು. ಅವನ್ನೂ ಮೀರಿಸಿ ಹೆಂಡತಿ ಶಾರದ ಮಾತಾಡುತ್ತಿದ್ದಳು. ಹದಿನಾಲ್ಕು ವರ್ಷದಿಂದ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ವಾಚನಾಲಯಕ್ಕೆ ಒಳಗಿನಿಂದ ಚಿಲಕ ಹಾಕಿ, ಫ್ಯಾನಿನ ಕೆಳಗಿನ ಬೆಂಚಿನ ಮೇಲೆ ತೆಗೆಯುವ ನಿದ್ದೆಯೊಂದೇ ಅವರ ಸ್ವರ್ಗ. ಆ ಸ್ವರ್ಗದ ಬಾಗಿಲು ಈ ಬೀಗದ ಕೈಯಲ್ಲಿತ್ತು.

ಭಾನುವಾರ ಬೆಳಿಗ್ಗೆ ಗೋಪಾಲಸಾಮಿ ಎಲ್ಲವನ್ನೂ ಸಮ ಮಾಡಿದರು. ಒಂದೇ ಎತ್ತರದ ಎರಡು ಕುರ್ಚಿ, ತಲಾ ಹನ್ನೆರಡು ನಿಮಿಷ, ತಲಾ ಎರಡು ವಡೆ. ಕಾನೂನಿಗೆ ವಕೀಲೆ ತಂಗಮಣಿ. ಆಟಕ್ಕೆ ಸೆಂದಿಲ್, ಕುರಿಚಿಯ ಕಾರ್ಖಾನೆಯಲ್ಲಿ ಕೆಲಸ, ರಜೆಯಲ್ಲಿ ಯಾರು ಬೇಕಾದರೂ ತಿದ್ದಿ ಹಂಚಬಹುದಾದ ಸ್ವತಂತ್ರ ತಂತ್ರಾಂಶದ ಆಟಗಳನ್ನು ಬರೆಯುವ ಹುಚ್ಚು. ಇಬ್ಬರೂ ಟೊಂಕ ಕಟ್ಟಿಯೇ ಬಂದಿದ್ದರು, ಸಭೆ ಶುರುವಾಗುವ ಮೊದಲೇ ವಾದಕ್ಕಿಳಿದರು.

“ಎಷ್ಟು ವಯಸ್ಸಿನವರಿಗೆ ಅಂತ ಚೀಟಿ ಇಲ್ಲದ ಆಟ ಮಕ್ಕಳ ಕೈಗೆ ಕೊಡೋದಾ?” ಎಂದರು ತಂಗಮಣಿ.

“ಚೀಟಿ ಅಂಟಿಸೋರು ಯಾರು ಮೇಡಂ? ನೂರು ಜನ ಸೇರಿ ಮಾಡಿದ್ದು. ಇದಕ್ಕೆ ಒಡೆಯನೇ ಇಲ್ಲ!” ಎಂದ ಸೆಂದಿಲ್.

“ಇದನ್ನೇ ಮೈಕಲ್ಲಿ ಹೇಳಿ!” ಎಂದು ಗೋಪಾಲಸಾಮಿ ಹಿಗ್ಗಿದರು.

ಆದರೆ ಶಣ್ಮುಗಂ ಬರುವುದು ಅರ್ಧ ಗಂಟೆ ತಡವಾಯಿತು. ಅರ್ಧ ಗಂಟೆ ಸುಮ್ಮನೆ ಕೂತರೆ ನಮ್ಮವರು ಕೇಳುವುದು ಒಂದೇ ಮಾತು.

“ನೀ ಯಾವ ಕುಲ ಕಂದಾ?” ಎಂದು ಅಜ್ಜಿ ಸೆಂದಿಲ್‌ನನ್ನು ಕೇಳಿಯೇಬಿಟ್ಟರು. ಹೇಳಿದ. ಮದುವೆ? ಆಗಿಲ್ಲ. ಜಾತಿ ಒಂದೇ, ತಂಗಮಣಿಯ ಕುಲ ಮಾತ್ರ ಬೇರೆ; ಗೋತ್ರದ ಹಾಗೆ, ಕುಲ ಬೇರೆಯಾದರೆ ಸಂಬಂಧಕ್ಕೆ ಅಡ್ಡಿಯಿಲ್ಲ. ತಂಗಮಣಿಗೆ ಮದುವೆಯ ವಯಸ್ಸಿನ ಮಗಳು ಕಾರ್ತಿಕಾ ಬೇರೆ ಇದ್ದಾಳೆ. ಮೊಬೈಲಿನಲ್ಲಿ ಅವಳ ಫೋಟೋ ಕಂಡು ಸೆಂದಿಲ್ ಕಿವಿಯವರೆಗೂ ಕೆಂಪಾದ. ಹುಡುಗಿಗೂ ಫೋನ್ ಹೋಯಿತು, “ನೋಡೋಣ” ಎಂದಳು. ಅಜ್ಜಿಗೆ ಅಷ್ಟು ಸಾಕಾಯಿತು. ಅತಿಥಿಗಳಿಗೆಂದು ಇಟ್ಟಿದ್ದ ತಾಂಬೂಲವನ್ನೇ ಎತ್ತಿ ಸೆಂದಿಲ್, ತಂಗಮಣಿ ಇಬ್ಬರ ಕೈಗೂ ಕೊಟ್ಟು ಸಂಬಂಧ ಗಟ್ಟಿ ಮಾಡಿದರು.

ಶಣ್ಮುಗಂ ಬಂದು ಕೂತರು. ಚರ್ಚೆ ಶುರುವಾಯಿತು.

“ಅಳಿಯಂದ್ರು ಹೇಳಿದ್ದೇ ಸರಿ,” ಎಂದರು ತಂಗಮಣಿ. “ಆಟ ಬೇಕು.”

“ಅಯ್ಯೋ, ಅತ್ತೆ ಹೇಳಿದ್ದೇ ಸರಿ. ಚೀಟಿ ಬೇಕು,” ಎಂದ ಸೆಂದಿಲ್.

ತಾಂಬೂಲ ಹಿಡಿದ ಮೇಲೆ ಸಭೆಯಲ್ಲಿ ಬೀಗರಿಗೆ ಎದುರಾಡುವುದುಂಟೇ? ಗೋಪಾಲಸಾಮಿ ಕೆಮ್ಮಿದರು, ಕಣ್ಣು ಬಿಟ್ಟರು. ಸೆಂದಿಲ್ ತನ್ನದೊಂದು ವಡೆಯನ್ನೂ ಅತ್ತೆಯ ತಟ್ಟೆಗೆ ಹಾಕಿದ. ಅತ್ತ ಮೂರು, ಇತ್ತ ಒಂದು. ಬೀಗದ ಕೈ ಹೋಯಿತೆಂದೇ ಗೋಪಾಲಸಾಮಿ ಜೇಬು ಮುಟ್ಟಿಕೊಂಡರು.

“ಭೇಷ್!” ಎಂದರು ಶಣ್ಮುಗಂ. “ಅವರ ಮಾತು ಇವನು ಆಡಿದ, ಇವನ ಮಾತು ಅವರು ಆಡಿದ್ರು. ಇದಕ್ಕಿಂತ ಸಮ ಇನ್ನೇನಪ್ಪಾ? ಬೀಗದ ಕೈ ನಿನ್ನದೇ!”

ಗೋಪಾಲಸಾಮಿಗೆ ಬೆಂಚು ಕಣ್ಣಮುಂದೆ ಬಂದು ಸಂತೋಷ ಉಕ್ಕಿತು.

“ಆಟವೂ ಇರಲಿ, ಚೀಟಿಯೂ ಇರಲಿ,” ಶಣ್ಮುಗಂ ಮುಂದುವರಿಸಿದರು. “ಒಡೆಯ ಇಲ್ಲದ ಆಟಕ್ಕೆ ಬೀಗದ ಕೈ ಇರೋನೇ ಒಡೆಯ. ಒಂದೊಂದನ್ನೂ ಕೊನೇವರೆಗೂ ಆಡಿ ನೀನೇ ಚೀಟಿ ಅಂಟಿಸು. ಎರಡರಿಂದ ನಾಲ್ಕು ಹೇಗೂ ಅಲ್ಲೇ ಇರ್ತೀಯಲ್ಲ!”

ವಾಚನಾಲಯದ ಕಂಪ್ಯೂಟರಿನಲ್ಲಿರುವ ಆಟಗಳು ಒಟ್ಟು ಇನ್ನೂರ ಹದಿನೆಂಟು ಎಂದು ಸೆಂದಿಲ್ ವಿನಯದಿಂದ ತಿಳಿಸಿದ.

ಅಂದೇ ಎರಡಕ್ಕೆ ಗೋಪಾಲಸಾಮಿ ಬೆಂಚಿಗೆ ಬೆನ್ನು ಹಾಕಿ ಕಂಪ್ಯೂಟರ್ ಮುಂದೆ ಕೂತರು. ಕಪ್ಪೆ ಹದಿನೇಳು ಸಲ ಲಾರಿಗೆ ಸಿಕ್ಕಿತು. ಹಿಂದೆ ನಿಂತು ನೋಡುತ್ತಿದ್ದ ಅಜ್ಜಿ ತಡೆಯಲಾರದೆ, “ಆ ಕಡೆ ಸರಿಯಪ್ಪಾ,” ಎಂದು ಕೀಬೋರ್ಡ್ ಕಸಿದುಕೊಂಡು, ಕಪ್ಪೆಯನ್ನು ಸಲೀಸಾಗಿ ದಾಟಿಸಿಬಿಟ್ಟರು.

“ನಾ ಆಡ್ತೀನಿ, ನೀ ಚೀಟಿ ಬರಿ. ನಾಳೆಯಿಂದ ದಿನಾ ಬರ್ತೀನಿ,” ಎಂದರು ಅಜ್ಜಿ, ಕಣ್ಣು ತೆಗೆಯದೆ. “ಶಾರದನೂ ಬರ್ತಾಳೆ. ಪಾಪ, ಮನೇಲಿ ಮಗ್ಗದ ಸದ್ದಿಗೆ ಅವಳ ಮಾತು ನಿಂಗೆ ಕೇಳಿಸೋದೇ ಇಲ್ವಂತೆ.”