ಇನ್ಶೂರೆನ್ಸ್ ಕಟ್ಟಿದ ಪುಣ್ಯಾತ್ಮ

ಹಲ್ಲಿ ಬೀಳುವವರೆಗೂ ಪಿಳ್ಳಣ್ಣನವರ ಕಾರು ಸರಿಯಾಗಿಯೇ ಹೋಗುತ್ತಿತ್ತು.

ಬನಶಂಕರಿ ಸಿಗ್ನಲ್ ಹತ್ತಿರ ಬಿಸಿಲು ಕಣ್ಣಿಗೆ ಹೊಡೆಯಿತೆಂದು ಅವರು ಗಾಜಿನ ಮೇಲಿನ ಮರೆಯನ್ನು ಕೆಳಗೆಳೆದರು. ಅದರ ಹಿಂದೆ ಎಷ್ಟು ದಿನದಿಂದ ಸಂಸಾರ ಹೂಡಿತ್ತೋ ಏನೋ, ಒಂದು ಹಲ್ಲಿ ಪಟ್ಟನೆ ತೊಡೆಯ ಮೇಲೆ ಬಿತ್ತು. ಪಿಳ್ಳಣ್ಣನವರು ಕುಳಿತಲ್ಲೇ ಹಾರಿದರು. ಹಾರಿದ ಕಾಲು ಬ್ರೇಕಿನ ಮೇಲೆ ಇಳಿಯುವ ಬದಲು ಅದರ ಪಕ್ಕದ್ದರ ಮೇಲೆ ಇಳಿಯಿತು. ಕಾರು ಹಸಿದ ಗೂಳಿಯಂತೆ ಮುನ್ನುಗ್ಗಿ, ಸಿಗ್ನಲ್ಲಿಗೆ ಕಾದು ನಿಂತಿದ್ದ ಹೊಸ ನೀಲಿ ಕಾರಿನ ಬೆನ್ನಿಗೆ ಗುದ್ದಿತು. ಅಟ್ಟದ ಮೇಲಿನ ಸ್ಟೀಲು ಪಾತ್ರೆಗಳೆಲ್ಲ ಒಟ್ಟಿಗೇ ಉರುಳಿದಂಥ ಸದ್ದಾಯಿತು.

ಪಕ್ಕದ ಸೀಟಿನಲ್ಲಿದ್ದ ದಿನೇಶ ಕೇಳಿದ ಮೊದಲ ಪ್ರಶ್ನೆ, "ಅಂಕಲ್, ಹಲ್ಲಿ ಎಡತೊಡೆ ಮೇಲೆ ಬಿತ್ತಾ, ಬಲತೊಡೆ ಮೇಲೆ ಬಿತ್ತಾ? ಫಲ ಬೇರೆ ಬೇರೆ."

ಪಿಳ್ಳಣ್ಣನವರು ಮೂವತ್ತೆರಡು ವರ್ಷ ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿ ನಿವೃತ್ತರಾದವರು. ಹೋಟೆಲಿಗೆ ಹೋದರೆ ದೋಸೆಗಿಂತ ಮೊದಲು ಮೆನುವಿನಲ್ಲಿರುವ ಕಾಗುಣಿತದ ತಪ್ಪುಗಳನ್ನು ಮುಗಿಸುತ್ತಿದ್ದರು. ದಿನೇಶ ಸುದ್ದಗುಂಟೆಪಾಳ್ಯದಲ್ಲಿ ಅವರ ಎದುರು ಮನೆಯವನು. ಯಾರ ಮನೆಯ ಕರೆಂಟ್ ಬಿಲ್ಲಾಗಲಿ, ರೈಲಿನ ಟಿಕೆಟ್ಟಾಗಲಿ, "ಕೊಡಿ, ಎರಡೇ ನಿಮಿಷ" ಎಂದು ಮೊಬೈಲ್ ಕಿತ್ತುಕೊಳ್ಳುವ ಆಸಾಮಿ. ಈ ದಿನ ಪದ್ಮನಾಭನಗರದಲ್ಲಿ ಪಿಳ್ಳಣ್ಣನವರ ನಾದಿನಿಯ ಮನೆಯಲ್ಲಿ ನಾಮಕರಣ. ಹೆಂಡತಿ ಮಾರಮ್ಮ ಬೆಳಗ್ಗೆಯೇ ಹೋಗಿದ್ದರು. ದಿನೇಶನನ್ನು ಯಾರೂ ಕರೆದಿರಲಿಲ್ಲ. ಒಬ್ಬಟ್ಟು ಇದೆ ಎಂದು ಗೊತ್ತಾದ ಮೇಲೆ ಅವನೇ ಬಂದು ಕಾರಿನಲ್ಲಿ ಕುಳಿತಿದ್ದ.

ನೀಲಿ ಕಾರಿನಿಂದ ಒಬ್ಬ ಹೆಣ್ಣುಮಗಳು ಇಳಿದಳು. ಹೆಸರು ರಮ್ಯ, ಟ್ಯೂಷನ್ ಸೆಂಟರಿನಲ್ಲಿ ಗಣಿತ ಹೇಳಿಕೊಡುವವಳು. ಕಾರಿನ ಹಿಂಭಾಗ ಅಪ್ಪಚ್ಚಿಯಾದ ತಗಡಿನ ಡಬ್ಬದಂತಾಗಿತ್ತು. ಅವಳ ಕಣ್ಣಲ್ಲಿ ನೀರು ತುಂಬಿತು. "ತಗೊಂಡು ಹದಿನೆಂಟು ದಿನ ಆಯ್ತು ಅಂಕಲ್."

ಪಿಳ್ಳಣ್ಣನವರಿಗೆ ಪಾಪ ಅನ್ನಿಸಿತು. ಆದರೆ ಎದೆ ನಡುಗಲಿಲ್ಲ. "ಅಳಬೇಡಮ್ಮ. ತಪ್ಪು ನನ್ನದೇ. ನನಗೆ ಇನ್ಶೂರೆನ್ಸ್ ಇದೆ. ನಿನಗೆ ಒಂದು ಪೈಸೆ ಖರ್ಚು ಬರೋದಿಲ್ಲ" ಎಂದು ಸುತ್ತ ಸೇರಿದ ಜನಕ್ಕೆಲ್ಲ ಕೇಳುವಂತೆ ಹೇಳಿದರು. ಜನ ಮೆಚ್ಚುಗೆಯಿಂದ ತಲೆದೂಗಿದರು. ಹೂ ಮಾರುತ್ತಿದ್ದ ಅಜ್ಜಿಯೊಬ್ಬಳು, "ದೊಡ್ಡ ಮನುಷ್ಯ ಅಂದ್ರೆ ಹಿಂಗಿರ್ಬೇಕು" ಎಂದಳು.

ಅಷ್ಟರಲ್ಲಿ ಟ್ರಾಫಿಕ್ ಸಬ್‌ಇನ್‌ಸ್ಪೆಕ್ಟರ್ ಶಾಂತಲಾ ಬಂದರು. ಕೈಯಲ್ಲಿದ್ದ ಯಂತ್ರಕ್ಕೆ ಕಾರಿನ ನಂಬರ್ ಒತ್ತಿದರು. ಪಿಳ್ಳಣ್ಣನವರ ಮುಖ ನೋಡಿದರು. ಮತ್ತೊಮ್ಮೆ ಒತ್ತಿದರು.

"ಯಜಮಾನ್ರೇ, ಇನ್ಶೂರೆನ್ಸ್ ಎಲ್ಲಿದೆ? ಮುಗಿದು ಹನ್ನೊಂದು ತಿಂಗಳಾಯ್ತಲ್ಲ."

"ನಿಮ್ಮ ಮೆಷಿನ್ ಕೆಟ್ಟಿದೆ ಮೇಡಂ" ಎಂದು ಪಿಳ್ಳಣ್ಣನವರು ನಕ್ಕು, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟಿದ್ದ ಪಾಲಿಸಿಯ ಪ್ರತಿಯನ್ನು ತೆಗೆದುಕೊಟ್ಟರು. "ನಾಲ್ಕು ಪುಟ ಇದೆ. ಪೂರ್ತಿ ಓದಿದ್ದೀನಿ. ಮೂರು ಕಡೆ ಸ್ಪೆಲ್ಲಿಂಗ್ ತಪ್ಪಿತ್ತು, ಕಂಪನಿಗೆ ಪತ್ರಾನೂ ಬರೆದೆ."

ರಮ್ಯ ಕಣ್ಣೊರೆಸಿಕೊಂಡು ಇಣುಕಿದಳು. ಕಾಗದ ನೋಡಿದಳು, ಕಾರಿನ ನಂಬರ್ ಪ್ಲೇಟ್ ನೋಡಿದಳು. "ಇದ್ರಲ್ಲಿ 4671 ಅಂತಿದೆ ಅಂಕಲ್. ನಿಮ್ ಕಾರು 4617. ಐವತ್ನಾಲ್ಕು ವ್ಯತ್ಯಾಸ."

ಪಿಳ್ಳಣ್ಣನವರು ಕಾಗದವನ್ನು ಮೂಗಿನ ಹತ್ತಿರ ಹಿಡಿದರು. ದೂರ ಹಿಡಿದರು. ಅಂಕಿಗಳು ಕದಲಲಿಲ್ಲ. ಕಿವಿಯಲ್ಲಿ ಪ್ರೆಷರ್ ಕುಕ್ಕರ್ ಕೂಗಿದಂತಾಯಿತು. ಈ ಹನ್ನೊಂದು ತಿಂಗಳಲ್ಲಿ ಇದೇ ಕಾರಿನಲ್ಲಿ ಮೊಮ್ಮಗುವನ್ನು ಕೂರಿಸಿಕೊಂಡು ತಿರುಪತಿ ಬೆಟ್ಟ ಹತ್ತಿದ್ದರು. ಬೀಗರ ಕುಟುಂಬವನ್ನೆಲ್ಲ ತುಂಬಿಕೊಂಡು ಮೈಸೂರಿಗೆ ಹೋಗಿ ಬಂದಿದ್ದರು. ಎಲ್ಲಾದರೂ ಯಾರಿಗಾದರೂ ಏನಾದರೂ ಆಗಿದ್ದರೆ? ಅವರು ನಿಧಾನವಾಗಿ ದಿನೇಶನ ಕಡೆ ತಿರುಗಿದರು. ಪಾಲಿಸಿಯನ್ನು ಆನ್‌ಲೈನಿನಲ್ಲಿ ಕಟ್ಟಿಕೊಟ್ಟವನು ಅವನೇ.

"ನಂಗೂ ಅವತ್ತು ಸ್ವಲ್ಪ ಡೌಟ್ ಬಂತು ಅಂಕಲ್" ಎಂದ ದಿನೇಶ. "ನಂಬರ್ ಹಾಕಿದ ತಕ್ಷಣ ಬೇರೆ ಯಾರದೋ ಹೆಸರು ಬಂತು. ಸರ್ಕಾರದವ್ರು ತಪ್ಪು ಮಾಡಿದಾರೆ ಅಂದ್ಕೊಂಡು ಅಳಿಸಿ ನಿಮ್ ಹೆಸರು ಹಾಕ್ದೆ. ಗಾಡೀನೂ ಏಳು ಸೀಟಿನ ಜೀಪು ಅಂತ ತೋರಿಸ್ತು. ಅದನ್ನ ಬದಲಾಯಿಸೋಕೆ ಬಿಡಲಿಲ್ಲ."

"ಅದಕ್ಕೇ ಏನೋ ಆ ವರ್ಷ ದುಡ್ಡು ಜಾಸ್ತಿ ಆಗಿದ್ದು!"

"ಎಲ್ಲಾ ರೇಟೂ ಏರಿದೆ ಅಂತ ನೀವೇ ಅಂದ್ರಲ್ಲ ಅಂಕಲ್."

ಶಾಂತಲಾ ಎರಡು ಸಾವಿರ ದಂಡ ಬರೆದರು. ರಮ್ಯಳ ಕಾರಿನ ರಿಪೇರಿ ಬಿಲ್ಲು ಎಷ್ಟೇ ಬರಲಿ, ತಾವೇ ಕೊಡುವುದಾಗಿ ಪಿಳ್ಳಣ್ಣನವರು ಬರೆದು ಸಹಿ ಹಾಕಿದರು. ಇನ್ಶೂರೆನ್ಸ್ ಮಾಡಿಸುವವರೆಗೆ ಗಾಡಿ ತೆಗೆಯುವಂತಿಲ್ಲ ಎಂದು ಕಾರನ್ನು ರಸ್ತೆಯ ಅಂಚಿಗೆ ತಳ್ಳಿಸಲಾಯಿತು. ಹೂವಿನ ಅಜ್ಜಿ ತಾನು ಹೇಳಿದ್ದನ್ನು ವಾಪಸ್ ತೆಗೆದುಕೊಂಡವಳಂತೆ ಮುಖ ತಿರುಗಿಸಿ ಕುಳಿತಳು.

"ಅಲ್ಲಾ ಮೇಡಂ," ದಿನೇಶ ಸುಮ್ಮನಿರಲಿಲ್ಲ, "ಆ 4671 ಯಾರ್ದು ಅಂತ ಸ್ವಲ್ಪ ನೋಡಿ."

ಶಾಂತಲಾಗೂ ಕುತೂಹಲವಿತ್ತೆಂದು ಕಾಣುತ್ತದೆ. "ಚಿಕ್ಕಬೈರಪ್ಪ ಅಂತೆ. ಕೋಣನಕುಂಟೆ" ಎಂದುಬಿಟ್ಟರು.

"ನೋಡಿದ್ರಾ ಅಂಕಲ್! ಆ ಮನುಷ್ಯ ಒಂದು ವರ್ಷದಿಂದ ನಿಮ್ ದುಡ್ಡಲ್ಲಿ ಆರಾಮಾಗಿ ಜೀಪು ಓಡಿಸ್ಕೊಂಡಿದಾನೆ. ಹೋಗಿ ಕೇಳೋಣ. ಕೊಡದೆ ಎಲ್ಲಿಗೆ ಹೋಗ್ತಾನೆ?"

ಮುಳುಗುತ್ತಿದ್ದ ಪಿಳ್ಳಣ್ಣನವರಿಗೆ ಈ ಮಾತು ಕೈಗೆ ಸಿಕ್ಕಿದ ಹಗ್ಗದಂತೆ ಕಂಡಿತು. ಅಷ್ಟಾದರೂ ಬಂದರೆ ರಮ್ಯಳ ಬಿಲ್ಲಿಗೆ ಆದೀತು. ಇಬ್ಬರೂ ಮೆಟ್ರೋ ಹತ್ತಿದರು.

ದಾರಿಯಲ್ಲಿ ಮಾರಮ್ಮನ ಫೋನ್ ಬಂತು. "ಎಲ್ಲಿದ್ದೀರಿ? ಎರಡನೇ ಪಂಕ್ತಿಗೆ ಎಲೆ ಹಾಕಾಯ್ತು."

"ಮೆಟ್ರೋದಲ್ಲಿದ್ದೀನಿ."

"ಮೆಟ್ರೋದಲ್ಲಾ? ಕಾರೇನಾಯ್ತು?"

"ಬನಶಂಕರಿಯಲ್ಲಿ ನಿಂತಿದೆ" ಎಂದು ಪಿಳ್ಳಣ್ಣನವರು ಸುಳ್ಳಲ್ಲದ ಮಾತನ್ನೇ ಹೇಳಿ ಫೋನ್ ಆಫ್ ಮಾಡಿದರು.

ಕೋಣನಕುಂಟೆಯಲ್ಲಿ ಚಿಕ್ಕಬೈರಪ್ಪನವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಒಂದು ಕಾಲಕ್ಕೆ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಬಾಡಿಗೆ ಮನೆಗಳು. ಕೆಳಗೆ ಅಂಗಳ, ಅಂಗಳದಲ್ಲಿ ಎರಡು ಹಸು, ಹಸುಗಳ ಪಕ್ಕ ಕುರ್ಚಿ ಹಾಕಿಕೊಂಡು ದೊಡ್ಡ ಮೀಸೆಯ ಯಜಮಾನರು. ಮೀಸೆ ನೋಡಿ ಪಿಳ್ಳಣ್ಣನವರ ಧೈರ್ಯ ಅರ್ಧಕ್ಕೆ ಇಳಿಯಿತು. ಮೆಟ್ರೋದಲ್ಲಿ ಕಟ್ಟಿಕೊಂಡಿದ್ದ ಖಾರದ ಮಾತುಗಳನ್ನೆಲ್ಲ ಬದಿಗಿಟ್ಟು ಮೆಲ್ಲಗೆ ಶುರು ಮಾಡಿದರು.

"ನಮಸ್ಕಾರ. ನಿಮ್ಮ 4671 ಜೀಪಿಗೆ ಹೋದ ವರ್ಷ ಇನ್ಶೂರೆನ್ಸ್ ಕಟ್ಟಿದ್ದು ನಾನು. ಪಿಳ್ಳಣ್ಣ ಅಂತ."

ಚಿಕ್ಕಬೈರಪ್ಪ ಕುರ್ಚಿಯಿಂದ ಎದ್ದು ನಿಂತರು. ಬಾಯಿ ತೆರೆದೇ ಇತ್ತು. "ನೀವೇನಾ? ಪಿಳ್ಳಣ್ಣ ಅಂದ್ರೆ ನೀವೇನಾ? ಅಮ್ಮೀ, ಬಾ ಇಲ್ಲಿ! ಎಂಟು ತಿಂಗ್ಳಿಂದ ಹುಡುಕ್ತಿದ್ವಲ್ಲ ಪುಣ್ಯಾತ್ಮ, ತಾನಾಗೇ ಮನೆ ಬಾಗ್ಲಿಗೆ ಬಂದವ್ರೆ!"

ಒಳಗಿನಿಂದ ಹೆಂಡತಿ ಸೊಣ್ಣಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿ ಬಂದರು. ಮಗ ರೇವಂತ್ ಮಹಡಿಯ ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬಂದು ಮೊದಲು ಗೇಟಿನ ಚಿಲಕ ಹಾಕಿದ. ಹಸು ಹೊರಗೆ ಹೋಗದಿರಲಿ ಎಂದಿರಬೇಕು ಎಂದುಕೊಂಡರು ಪಿಳ್ಳಣ್ಣನವರು. ಕುರ್ಚಿಗಳು ಬಂದವು. ಕಾಫಿ ಬಂತು. ತಟ್ಟೆ ತುಂಬ ಕೋಡುಬಳೆ ಬಂತು. ದಿನೇಶ ಎರಡು ಕೋಡುಬಳೆಯನ್ನು ಒಟ್ಟಿಗೇ ಬಾಯಿಗಿಟ್ಟು, "ನಾನು ಹೇಳ್ಲಿಲ್ವಾ?" ಎಂದು ಕಣ್ಣು ಮಿಟುಕಿಸಿದ.

"ತಿನ್ನಿ ಅಣ್ಣ, ನಾಚ್ಕೋಬೇಡಿ" ಎಂದರು ಸೊಣ್ಣಮ್ಮ. "ದಿನಾ ನೆನೆಸ್ಕೊತಿದ್ವಿ ನಿಮ್ಮನ್ನ."

ಬೆಳಗ್ಗಿನಿಂದ ಪೆಟ್ಟಿನ ಮೇಲೆ ಪೆಟ್ಟು ತಿಂದಿದ್ದ ಪಿಳ್ಳಣ್ಣನವರ ಕಣ್ಣು ಒದ್ದೆಯಾಯಿತು. ಕೊಟ್ಟ ದುಡ್ಡಿಗೆ ಇಷ್ಟು ಕೃತಜ್ಞತೆ ಇಟ್ಟುಕೊಂಡ ಜನ ಈ ಕಾಲದಲ್ಲೂ ಇದ್ದಾರಲ್ಲ ಎನ್ನಿಸಿತು. ದುಡ್ಡಿನ ವಿಚಾರ ಹೇಗೆ ಎತ್ತುವುದೆಂದು ಅವರು ಯೋಚಿಸುತ್ತಿದ್ದಾಗ ಚಿಕ್ಕಬೈರಪ್ಪನವರೇ ದಾರಿ ಮಾಡಿಕೊಟ್ಟರು.

"ಸ್ವಾಮಿ, ಒಂದು ಚೀಟಿ ಬರ್ಕೊಡಿ. ಇಂಥಾ ಗಾಡಿಗೆ ಇನ್ಶೂರೆನ್ಸ್ ಕಟ್ಟಿದೋನು ನಾನೇ ಅಂತ. ಆಮೇಲೆ ಲೆಕ್ಕ ಮಾತಾಡವ."

ಪಿಳ್ಳಣ್ಣನವರು ಜೇಬಿನಿಂದ ಪೆನ್ನು ತೆಗೆದು ಮುತ್ತಿನಂಥ ಅಕ್ಷರದಲ್ಲಿ ಬರೆದರು. ನಂಬರನ್ನು ಮೂರು ಸಲ ಪಾಲಿಸಿಯೊಂದಿಗೆ ತಾಳೆ ನೋಡಿದರು. ಕೆಳಗೆ ಸಹಿ, ಮನೆ ವಿಳಾಸ, ಫೋನ್ ನಂಬರ್. ದಿನೇಶ ಕೇಳುವ ಮೊದಲೇ ಸಾಕ್ಷಿ ಸಹಿ ಹಾಕಿದ. ರೇವಂತ್ ಚೀಟಿಯ ಫೋಟೋ ಹೊಡೆದು ಯಾರಿಗೋ ಕಳಿಸಿದ. ಚಿಕ್ಕಬೈರಪ್ಪ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಇಳಿಸಿ, "ಬನ್ನಿ, ನಿಮ್ ಗಾಡಿ ತೋರುಸ್ತೀನಿ" ಎಂದು ಹಿತ್ತಲಿಗೆ ಕರೆದುಕೊಂಡು ಹೋದರು.

ಹಿತ್ತಲಿನಲ್ಲಿ ಜೀಪು ಇತ್ತು, ಅಥವಾ ಜೀಪಿನ ಹಿಂದಿನ ಅರ್ಧ ಇತ್ತು. ಮುಂದಿನ ಅರ್ಧ ಸುಕ್ಕುಗಟ್ಟಿದ ಹಪ್ಪಳದಂತಿತ್ತು. ಮುರಿದ ಗಾಜಿನ ಒಳಗಿನಿಂದ ಒಂದು ಕೋಳಿ ಇಣುಕಿ ನೋಡಿತು.

"ಇದು... ಏನಾಯ್ತು?"

"ಗಿರಣಿಗೆ ನುಗ್ತು" ಎಂದರು ಚಿಕ್ಕಬೈರಪ್ಪ. ದನಿಯಲ್ಲಿದ್ದ ಕಾಫಿಯ ಸಿಹಿ ಇಳಿದಿತ್ತು. "ಇನ್ಶೂರೆನ್ಸ್ ಮುಗಿಯೋ ಟೈಮಿಗೆ ಕಟ್ಟಾನ ಅಂತ ನೋಡುದ್ರೆ, ಆಗ್ಲೇ ಕಟ್ಟೈತೆ ಅಂತ ಬಂತು. ಮಗ ಕಟ್ಟವ್ನೆ ಅಂತ ನಾನು ಸುಮ್ನಾದೆ. ಅಪ್ಪ ಕಟ್ಟವ್ರೆ ಅಂತ ಅವ್ನು ಸುಮ್ನಾದ. ಮೂರು ತಿಂಗ್ಳಾದ್ಮೇಲೆ ಬ್ರೇಕ್ ಹೋಗಿ ದಾಸಪ್ಪನ ಹಿಟ್ಟಿನ ಗಿರಣಿ ಒಳಕ್ಕೆ ಹೋಯ್ತು. ದೇವ್ರು ದೊಡ್ಡೋನು, ಗಿರಣಿ ಒಳಗೆ ಯಾರೂ ಇರ್ಲಿಲ್ಲ. ಕಂಪ್ನಿಗೆ ಹೋದ್ರೆ ಏನಂದ್ರು ಗೊತ್ತಾ? ಗಾಡಿ ಚಿಕ್ಕಬೈರಪ್ಪಂದು, ಪಾಲಿಸಿ ಪಿಳ್ಳಣ್ಣಂದು, ಇದು ನಡೆಯೋದಿಲ್ಲ, ಒಂದು ರೂಪಾಯೀನೂ ಕೊಡಲ್ಲ ಅಂದ್ರು. ಯಾರಯ್ಯಾ ಪಿಳ್ಳಣ್ಣ ಅಂದ್ರೆ ವಿಳಾಸ ಹೇಳಲ್ಲ ಅಂದ್ರು. ನೀವು ಕಟ್ದೆ ಇದ್ದಿದ್ರೆ ನಾವು ಕಟ್ತಿದ್ವಿ. ಹೌದೋ ಅಲ್ವೋ?"

ಪಿಳ್ಳಣ್ಣನವರಿಗೆ ಈಗ ಎಲ್ಲ ಅರ್ಥವಾಯಿತು. ಲೋಕದಲ್ಲಿ ಇನ್ಶೂರೆನ್ಸ್ ಇಲ್ಲದೆ, ಇಲ್ಲವೆಂದು ಗೊತ್ತಿಲ್ಲದೆ ಗಾಡಿ ಓಡಿಸಿದವರು ತಾವೊಬ್ಬರೇ ಅಲ್ಲ. ತಾವು ಇನ್ನೊಬ್ಬರನ್ನೂ ಹಾಗೆ ಓಡಿಸಿದ್ದರು.

"ಆ ಚೀಟಿ ಒಂದು ನಿಮಿಷ ಕೊಡಿ," ಅವರು ಕೈ ಚಾಚಿ ಹೇಳಿದರು, "ಒಂದು ದೀರ್ಘ ಬಿಟ್ಟುಹೋಗಿದೆ ಅನ್ಸುತ್ತೆ."

"ಇರ್ಲಿ ಬಿಡಿ ಸ್ವಾಮಿ. ವಕೀಲರು ಹಾಕ್ಕೊತಾರೆ."

ಎಲ್ಲರೂ ಅಂಗಳಕ್ಕೆ ವಾಪಸ್ ಬಂದ ಕೂಡಲೇ ಪಿಳ್ಳಣ್ಣನವರು ಗೇಟಿನ ಕಡೆ ನೋಡಿದರು. ಚಿಲಕ ಭದ್ರವಾಗಿತ್ತು. ಗೇಟಿನ ಆಚೆ ಅಷ್ಟರಲ್ಲಿ ಒಬ್ಬ ಮನುಷ್ಯ ಬಂದು ನಿಂತಿದ್ದ. ತಲೆಗೂದಲಿನಿಂದ ಚಪ್ಪಲಿಯವರೆಗೆ ಬಿಳಿ ಹಿಟ್ಟು, ಒಂದು ಕೈಯಲ್ಲಿ ಬಿಲ್ಲುಗಳ ಕಟ್ಟು, ಇನ್ನೊಂದು ಕೈಯಲ್ಲಿ ಆಗ ತಾನೇ ಫೋಟೋ ಬಂದ ಮೊಬೈಲು. ರೇವಂತ್ ಹೋಗಿ ಚಿಲಕ ತೆಗೆದ.

"ಬಾ ದಾಸಪ್ಪ" ಎಂದರು ಚಿಕ್ಕಬೈರಪ್ಪ.

ದಾಸಪ್ಪ ಅಂಗಳದಲ್ಲಿ ನಿಂತಿದ್ದ ಇಬ್ಬರು ಅಪರಿಚಿತರನ್ನೂ ಮೇಲಿಂದ ಕೆಳಗೆ ನೋಡಿದ. ಮೈ ಕೊಡವಿಕೊಂಡ. ಹಿಟ್ಟು ಮೋಡದಂತೆ ಎದ್ದಿತು.

"ಯಾರಣ್ಣ ಇವ್ರಲ್ಲಿ ಪಿಳ್ಳಣ್ಣ?"

ಬಾಯಿ ತುಂಬ ಕೋಡುಬಳೆ ಇದ್ದುದರಿಂದ ದಿನೇಶನಿಗೆ ಮಾತು ಹೊರಡಲಿಲ್ಲ. ಆದರೆ ಈ ಸಲ ಅವನು ಸ್ವಲ್ಪವೂ ತಪ್ಪು ಮಾಡಲಿಲ್ಲ. ಎರಡು ನಿಮಿಷವನ್ನೂ ತೆಗೆದುಕೊಳ್ಳದೆ, ನೇರವಾಗಿ ಪಿಳ್ಳಣ್ಣನವರ ಕಡೆ ಬೆರಳು ತೋರಿಸಿದ.