ಹನ್ನೊಂದು ಹಳೆಯ ಕಂಪ್ಯೂಟರುಗಳ ಪರವಾಗಿ ನನ್ನ ಸಾಕ್ಷಿ

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ನಾನು ವಿದ್ಯಾಗಿರಿಯ ನಮ್ಮ ಕಾಲೇಜಿನ ಗಣಿತ ಲ್ಯಾಬಿನಲ್ಲಿ, ಕಿಟಕಿಯಿಂದ ಎರಡನೆಯ ಕಂಪ್ಯೂಟರಿನ ಮುಂದೆ, ಬಲಗೈಯನ್ನು ಕೀಬೋರ್ಡಿನಿಂದ ಒಂದು ಗೇಣು ದೂರ ಇಟ್ಟುಕೊಂಡು ನಿಂತಿದ್ದೆ. ಕೈಯ ಮಾತು ಯಾಕೆ ಎತ್ತಿದೆನೆಂದರೆ, ಆ ಹೊತ್ತಿನಲ್ಲಿ ನಾನು ಏನನ್ನೂ ಮುಟ್ಟಿರಲಿಲ್ಲ. ಹೀಗೆ ಸ್ಥಳ, ಸಮಯ, ಕೈಕಾಲು ಎಲ್ಲವನ್ನೂ ಒಪ್ಪಿಸುವ ಚಟ ನನಗೆ ಅಂಟಿದ್ದು ಹುನಗುಂದದ ಕೋರ್ಟಿನಲ್ಲಿ. ಒಂದು ಮೋಟರ್ ಸೈಕಲ್ಲು ಬಾಳೆಹಣ್ಣಿನ ಗಾಡಿಗೆ ಗುದ್ದಿದ್ದನ್ನು ಕಂಡ ತಪ್ಪಿಗೆ ಅಲ್ಲಿ ಸಾಕ್ಷಿ ಹೇಳಲು ಹೋಗಿದ್ದೆ. ‘ಸುಮಾರು ಹತ್ತು ಗಂಟೆ’ ಎಂದೆ. ವಕೀಲರು ಕನ್ನಡಕ ತೆಗೆದು, “ಗಣಿತ ಕಲಸ್ತೀರಿ, ಸುಮಾರು ಅಂತೀರಲ್ರಿ ಸರ?” ಎಂದರು. ಅಂದಿನಿಂದ ಆ ಪದವನ್ನು ನಾನು ಬಳಸಿಲ್ಲ. ಮನೆಯಲ್ಲಿ ಚಹಾ ಎಷ್ಟು ಬೇಕೆಂದು ಕೇಳಿದರೂ ಲೋಟದ ಮೇಲೆ ಬೆರಳಿಟ್ಟು ತೋರಿಸುತ್ತೇನೆ.

ನಾನು ಕಂಡದ್ದು ಇಷ್ಟು. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಓಡುತ್ತಿದ್ದವು. ಶೇಕಡಾ ಮೂವತ್ತೆಂಟಕ್ಕೆ ಬಂದಾಗ ನಿಂತವು. ಮೌಸ್ ಅಲುಗಲಿಲ್ಲ. ನಾಲ್ಕು ನಿಮಿಷಗಳ ಬಳಿಕ ‘ಕಿಲ್ಡ್’ ಎಂಬ ಪದ ಮೂಡಿತು. ಕೊಲ್ಲಲಾಗಿದೆ. ಕೊಂದವರಾರು, ಯಾಕೆ ಕೊಂದರು, ಒಂದು ಅಕ್ಷರವೂ ಇಲ್ಲ. ಇಪ್ಪತ್ತಾರು ವರ್ಷ ನಿಂತೇ ಪಾಠ ಹೇಳಿದ ನಾನು ಆಗ ಪಕ್ಕದ ಕುರ್ಚಿ ಎಳೆದುಕೊಂಡದ್ದು ನಿಜ. ಆದರೆ ನಾನು ಕೂರಲಿಲ್ಲ.

ಕೂರದಿರಲು ಕಾರಣವಿತ್ತು. ಲ್ಯಾಬಿನ ಹನ್ನೊಂದೂ ಕಂಪ್ಯೂಟರುಗಳು ಹಳತಾಗಿವೆ, ಗುಜರಿಗೆ ಹಾಕಬೇಕು ಎಂದು ಒಂದು ಪಟ್ಟಿ ತಯಾರಾಗಿತ್ತು. ಅವು ಹೋದರೆ ಲ್ಯಾಬಿಗೆ ಬೀಗ. ಮಕ್ಕಳು ತಮ್ಮ ತಮ್ಮ ಲ್ಯಾಪ್‌ಟಾಪ್ ತರಬೇಕು. ನನ್ನ ಕೊನೆಯ ವರ್ಷದ ತರಗತಿಯಲ್ಲಿ ಹದಿನಾಲ್ಕು ಮಂದಿ, ಲ್ಯಾಪ್‌ಟಾಪ್ ಇರುವವರು ಮೂವರು. ಉಳಿದವರು ತುಳಸಿಗೇರಿ, ಹುನಗುಂದ ಕಡೆಯಿಂದ ಬಸ್ಸಿನಲ್ಲಿ ನಿಂತು ಬರುವವರು. ನಾನು ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಈ ಯಂತ್ರಗಳ ಮೇಲೆಯೇ ಈ ವರ್ಷದ ಪ್ರಾಕ್ಟಿಕಲ್ ನಡೆಸುತ್ತೇನೆ ಎಂದೆ. “ಶನಿವಾರ ಮೂರಕ್ಕ ಬರ್ತೇನಿ, ಒಂದರ ಮ್ಯಾಲರ ಓಡಿಸಿ ತೋರಸ್ರಿ. ಇಲ್ಲಾಂದ್ರ ಹನ್ನೊಂದೂ ಗುಜರಿಗೆ,” ಎಂದರು.

ಓಡಿಸಬೇಕಾಗಿದ್ದುದು ತಾನಾಗಿ ಅವಕಲನ ಮಾಡುವ ಒಂದು ಲೈಬ್ರರಿ. ಕಪಾಟು, ಪುಸ್ತಕ ಇರುವ ಲೈಬ್ರರಿಯಲ್ಲ. ಬೇರೆ ಪ್ರೋಗ್ರಾಮುಗಳು ಕರೆದಾಗ ಬಂದು ಕೆಲಸ ಮಾಡಿಕೊಡುವ ಪ್ರೋಗ್ರಾಮುಗಳ ಗಂಟು. ಒಂದು ಸೂತ್ರ ಕೊಟ್ಟರೆ ಅದನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಬಿಡಿಸಿ, ಬೆಲೆ ಎಷ್ಟು ವೇಗವಾಗಿ ಬದಲಾಗುತ್ತದೆ ಎಂದು ಹೇಳುತ್ತದೆ. ನಾನು ಇಷ್ಟು ವರ್ಷ ಸೀಮೆಸುಣ್ಣದಲ್ಲಿ ಮಾಡಿದ್ದು ಇದನ್ನೇ, ಸಂಬಳ ತೆಗೆದುಕೊಂಡು. ಮೊದಲಿಗೆ ಸಿದ್ಧವಾಗಿ ಸಿಗುವ ಲೈಬ್ರರಿಯನ್ನೇ ಇಳಿಸಿಕೊಂಡೆ. ಯಂತ್ರ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ನಿಂತಿತು. ಕಂಪ್ಯೂಟರ್ ವಿಭಾಗದ ಸುಜಾತಾ ಮೇಡಂ ಬಂದು ನೋಡಿದರು.

“ಸರ, ಇದು ಹೊಸ ಪ್ರೊಸೆಸರಿಗೆ ಮಾಡಿದ್ದು. ನಿಮ್ಮ ಮಷೀನ ಇದನ್ನ ಅಪರಾಧ ಅನ್ನಾಕತ್ತೈತಿ. ಬಿಟ್ಟು ಬಿಡ್ರಿ.”

“ಬಿಡೂದಿಲ್ಲ.”

“ಹಂಗಾದ್ರ ಸೋರ್ಸ್‌ನಿಂದ ಕಟ್ರಿ. ಒಮ್ಮೆಗೆ ಎಂಟು ಕೆಲಸ ಹಚ್ರಿ, ಲಗೂ ಮುಗೀತೈತಿ. ನನ್ನ ಲ್ಯಾಪ್‌ಟಾಪಿನ್ಯಾಗ ನಾ ಹಂಗ ಮಾಡೂದು.”

ಸೋರ್ಸ್‌ನಿಂದ ಕಟ್ಟುವುದೆಂದರೆ ಕಡಕ್ ರೊಟ್ಟಿಯನ್ನು ಅಂಗಡಿಯಿಂದ ತರುವ ಬದಲು ಜೋಳ ತಂದು, ನಮ್ಮ ಗಿರಣಿಯಲ್ಲೇ ಬೀಸಿ, ನಮ್ಮ ಹಂಚಿನ ಮೇಲೇ ಬೇಯಿಸುವುದು. ಬರೆದವರು ಬರೆದದ್ದನ್ನು ಹಾಗೇ ಕೊಡುತ್ತಾರೆ. ನಮ್ಮ ಯಂತ್ರ ತನಗೆ ತಿಳಿಯುವ ಭಾಷೆಗೆ ತಾನೇ ತಿರುಗಿಸಿಕೊಳ್ಳಬೇಕು. ಎಂಟು ಹಚ್ಚಿದೆ. ಆಗಲೇ ಹೇಳಿದಂತೆ, ಮೂವತ್ತೆಂಟಕ್ಕೆ ಬಂದು ಸತ್ತಿತು. ಅಳಿಸಿ ಮೊದಲಿನಿಂದ ಶುರುಮಾಡಿದೆ. ಮತ್ತೆ ಸತ್ತಿತು. ಸಂಜೆ ಐದಕ್ಕೆ ಮೂರನೆಯ ಸಲ ಸತ್ತಾಗ ಬಾಗಿಲಲ್ಲಿ ಮಹಾಂತಪ್ಪ ನಿಂತಿದ್ದ. ಅವನು ನಮ್ಮ ಲ್ಯಾಬಿನ ಅಟೆಂಡರ್, ಇಳಕಲ್ಲಿನ ನೇಕಾರರ ಮನೆಯವನು. ಐದೂವರೆಗೆ ಮೇನ್ ಸ್ವಿಚ್ ಆರಿಸುವುದರಲ್ಲಿ ಒಂದು ದಿನವೂ ತಪ್ಪಿದವನಲ್ಲ.

“ಮತ್ತ ಹೋತನ್ರಿ ಸರ? ಎಷ್ಟು ಮಂದಿ ಹಚ್ಚೀರಿ ಅದಕ್ಕ?”

“ಎಂಟು.”

“ಒಳಗ ಕುಂಡ್ರಾಕ ಜಾಗ ಎಷ್ಟೈತ್ರಿ?”

ಯಂತ್ರದ ಮೆಮೊರಿ ನಾಲ್ಕು ಜಿಬಿ ಎಂದೆ.

“ನಮ್ಮವ್ವ ಸೀರಿ ಒಡಲಿಗೆ ಸೆರಗಿನ ಎಳಿ ಕೂಡಸುಮುಂದ ಮಗ್ಗದ ಕುಣ್ಯಾಗ ಒಬ್ಬಾಕಿನ ಇಳೀತಾಳ್ರಿ. ಒಂದೊಂದ ಎಳಿ ಹಿಡದು ಕೊಂಡಿ ಹಾಕ್ತಾಳ. ಲಗೂ ಆಗಲಿ ಅಂತ ನಾವ್ ಕೈ ಹಾಕಿದ್ರ ಕೈಮ್ಯಾಲ ಹೊಡೀತಾಳ. ಕುಣಿ ಒಬ್ಬರದು, ಇಳಿದವ್ರು ಎಂಟ ಮಂದಿ ಅಂದ್ರ ಯಾರರ ಸಾಯಾಕ ಬೇಕಲ್ರಿ. ಮತ್ತ ಒಂದ ಎಳಿ ಹರದ್ರ ಇಡೀ ಹಾಸು ಕಿತ್ತು ಒಗೀತಾರೇನ್ರಿ, ನೀವ್ ಒಗದಂಗ?”

“ಮಹಾಂತಪ್ಪ, ಇದು ಮಗ್ಗ ಅಲ್ಲ.”

“ಅಲ್ಲ ಬಿಡ್ರಿ. ಮಗ್ಗ ಆಗಿದ್ರ ಇಷ್ಟೊತ್ತಿಗೆ ಅರ್ಧ ಸೀರಿ ಆಕ್ಕಿತ್ತು.”

ಮಗ್ಗದಿಂದ ಪಾಠ ಕಲಿಯುವುದು ನನ್ನ ಘನತೆಗೆ ಕಡಿಮೆ ಎನಿಸಿ ಮನೆಗೆ ಹೋದೆ. ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ, ಅವನು ಕಸ ಚೆಲ್ಲಲು ಹೊರಗೆ ಹೋದಾಗ, ಹಿಂದಿನದನ್ನು ಅಳಿಸದೆ, ಎಂಟರ ಜಾಗದಲ್ಲಿ ಒಂದು ಎಂದು ಒತ್ತಿದೆ. ಮೂವತ್ತೆಂಟು ದಾಟಿತು. ಸಂಜೆಗೆ ಎಪ್ಪತ್ತೊಂದು. ಐದೂವರೆಗೆ ಮಹಾಂತಪ್ಪ ಸ್ವಿಚ್ಚಿನ ಹತ್ತಿರ ಹೋದ, ಪರದೆ ನೋಡಿದ, ಕಿಸೆಯಿಂದ ಬಸ್ ಟಿಕೆಟ್ ತೆಗೆದು ಅದರ ಹಿಂಬದಿಯಲ್ಲಿ ‘ಮುಟ್ಟಬ್ಯಾಡ್ರಿ’ ಎಂದು ಬರೆದು ಸ್ವಿಚ್ಚಿನ ಮೇಲೆ ಅಂಟಿಸಿದ. ಶನಿವಾರ ಬಂದು ನೋಡಿದರೆ ನೂರು.

ಮೂರಕ್ಕೆ ಪ್ರಿನ್ಸಿಪಾಲರು ಬಂದರು. “ಓಡೂದ್ ಓಡತೈತಿ. ಖರೆ ಹೇಳತೈತೇನ್ರಿ?” ಎಂದರು. ನಾನು ಸೆಟೆದು ನಿಂತು ಬೋರ್ಡಿನ ಮೇಲೆ ಒಂದು ಸೂತ್ರ ಬರೆದೆ: ಎಕ್ಸ್ ವರ್ಗ ಗುಣಿಸು ಕಾಸ್ ಎಕ್ಸ್. ಎಕ್ಸ್ ಒಂದಾದಾಗ ಅದರ ಅವಕಲನದ ಬೆಲೆಯನ್ನು ಮೊದಲು ನಾನು ಬರೆಯುತ್ತೇನೆ, ಆಮೇಲೆ ಯಂತ್ರ ಹೇಳಲಿ ಎಂದೆ. ನಾನು ಬರೆದದ್ದು ೧.೯೨೨. ಯಂತ್ರ ಹೇಳಿದ್ದು ೦.೨೩೯.

ಪ್ರಿನ್ಸಿಪಾಲರು ಪಟ್ಟಿ ಬಿಡಿಸಿ ಪೆನ್ನಿನ ಮುಚ್ಚಳ ತೆಗೆದರು. ಸುಜಾತಾ ಮೇಡಂ ಬೋರ್ಡನ್ನು ನೋಡಿ ತಟ್ಟನೆ ನೆಲ ನೋಡಿದರು. ಮಹಾಂತಪ್ಪ ಮೆಲ್ಲಗೆ ಹೇಳಿದ: “ಸರ, ಎರಡರಾಗ ಒಂದ ತಪ್ಪೈತಿ. ಮಷೀನಿನ ಮುಂದ ಇಬ್ರೂ ಕಾದೀವಿ. ಬೋರ್ಡ್ ನೀವೊಬ್ಬರ ಬರದೀರಿ.”

ನಾನು ನೋಡಿದೆ. ಕಾಸ್ ಅನ್ನು ಅವಕಲಿಸಿದರೆ ಮೈನಸ್ ಸೈನ್ ಬರುತ್ತದೆ. ಪ್ರತಿ ವರ್ಷ ಮೊದಲ ವಾರ ಕಲಿಸುವ ಮಾತು. ಮೈನಸ್ ಇರಬೇಕಾದಲ್ಲಿ ನಾನು ಪ್ಲಸ್ ಹಾಕಿದ್ದೆ. ಸುಮ್ಮನಿದ್ದರೆ ಲೈಬ್ರರಿ ಕೆಟ್ಟಿದೆ ಎಂದಾಗಿ ನನ್ನ ಮಾನ ಉಳಿಯುತ್ತಿತ್ತು, ಹನ್ನೊಂದು ಯಂತ್ರಗಳು ಗುಜರಿಗೆ ಹೋಗುತ್ತಿದ್ದವು. ಗೋಡೆಯ ಗಡಿಯಾರದ ಪ್ರಕಾರ ನಾನು ಹನ್ನೆರಡು ಸೆಕೆಂಡು ಡಸ್ಟರನ್ನು ಕೈಯಲ್ಲಿ ಹಿಡಿದಿದ್ದೆ. ಅದನ್ನೂ ದಾಖಲಿಸುತ್ತೇನೆ. ಆಮೇಲೆ, ತಲೆ ತಗ್ಗಿಸದೆ, ಕೋರ್ಟಿನಲ್ಲಿ ಹೇಳುವ ದನಿಯಲ್ಲೇ ಹೇಳಿದೆ: “ಯಂತ್ರ ಸರಿ ಐತ್ರಿ. ತಪ್ಪಿದಾಂವ ನಾನು.”

ಪ್ರಿನ್ಸಿಪಾಲರು ಗುಜರಿ ಪಟ್ಟಿಯಿಂದ ಹನ್ನೊಂದನ್ನೂ ಗೀಟೆಳೆದು ತೆಗೆದರು. ಹೋಗುವಾಗ, “ಪಟ್ಟ್ಯಾಗ ಈಗ ಜಾಗ ಖಾಲಿ ಐತಿ, ನೋಡ್ರಿ ಸರ,” ಎಂದು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

ಇದನ್ನು ಕಣ್ಣಾರೆ ಕಂಡವರು ಮೂವರು: ಪ್ರಿನ್ಸಿಪಾಲರು, ಸುಜಾತಾ ಮೇಡಂ, ಮಹಾಂತಪ್ಪ. ಮೂವರೂ ಬದುಕಿದ್ದಾರೆ, ಆರೋಗ್ಯವಾಗಿದ್ದಾರೆ. ಬೋರ್ಡ್ ಒರೆಸುವುದು ಮಹಾಂತಪ್ಪನ ಕೆಲಸ. ಅವನು ಇನ್ನೂ ಒರೆಸಿಲ್ಲ.